ಓಲೆ, ಮುದ್ರೆ, ಓಲೆಕಾರ: ಸಾಮಾಜಿಕ ಜಾಲತಾಣಗಳ ಅಭದ್ರತೆಗೆ ಒಂದು ಐತಿಹಾಸಿಕ ಹಿನ್ನೆಲೆ

ಒಬ್ಬನ ಮಾತು ಇನ್ನೊಬ್ಬನಿಗೆ ಮೂರನೆಯವನ ಕೈಯಿಂದ ಮುಟ್ಟಬೇಕಾದಲ್ಲೆಲ್ಲ ಎರಡು ಶಂಕೆಗಳು ಜೊತೆಯಾಗಿ ಹುಟ್ಟುತ್ತವೆ. ಓಲೆಯನ್ನು ಒಯ್ಯುವವನು ದಾರಿಯಲ್ಲಿ ಅದನ್ನು ಓದಿಕೊಂಡಾನೆಂಬುದು ಒಂದು. ಕೈಸೇರಿದ ಓಲೆ ಯಾರ ಹೆಸರನ್ನು ಹೊತ್ತಿದೆಯೋ ಅವರದೇ ಹೌದೇ ಎಂಬುದು ಇನ್ನೊಂದು. ಮೊದಲನೆಯದು ಓಲೆಕಾರನನ್ನು ಕುರಿತ ಶಂಕೆ, ಎರಡನೆಯದು ಮುದ್ರೆಯನ್ನು ಕುರಿತದ್ದು. ಫೇಸ್‌ಬುಕ್, ವಾಟ್ಸಾಪ್ ಮೊದಲಾದ ಸಾಮಾಜಿಕ ಜಾಲತಾಣಗಳ ವಿಷಯದಲ್ಲಿ ಇಂದು ನಾವು ಅನುಭವಿಸುತ್ತಿರುವ ಭಯವೂ ಬೇಸರವೂ ಬಹುಮಟ್ಟಿಗೆ ಈ ಎರಡರಲ್ಲಿಯೇ ಅಡಗಿವೆ. ಇವುಗಳಲ್ಲಿ ವಂಚಿತರಾದವರನ್ನು ಕಂಡಾಗ ನಮ್ಮ ಸಂಘಗಳ ಸಭೆಗಳಲ್ಲಿಯೂ ಬ್ಯಾಂಕಿನ ಕೊಠಡಿಗಳಲ್ಲಿಯೂ ಕೇಳಿಬರುವ ಮಾತು ಒಂದೇ: ‘ಅವರು ಎಚ್ಚರವಾಗಿರಬೇಕಿತ್ತು.’ ಎಚ್ಚರ ಬೇಕು, ನಿಜ. ಆದರೆ ಎಚ್ಚರದ ಹೊರೆಯನ್ನು ಯಾರು ಹೊರಬೇಕೆಂಬ ಪ್ರಶ್ನೆ ಬಹು ಹಳೆಯದು. ಕಾಲಕಾಲಕ್ಕೆ ಅದಕ್ಕೆ ಬೇರೆಬೇರೆ ಉತ್ತರಗಳು ದೊರೆತಿವೆ. ಆ ಹೊರೆ ಹೇಗೆ ಕೈಯಿಂದ ಕೈಗೆ ದಾಟಿ ಇಂದು ಬಳಕೆದಾರನ ತಲೆಯ ಮೇಲೆ ಬಂದು ನಿಂತಿತೆಂಬುದನ್ನು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮುದ್ರೆಯ ಮಾತನ್ನು ಮೊದಲು ತೆಗೆದುಕೊಳ್ಳೋಣ. ಮುದ್ರೆ ಕಳುವಾದರೆ ಏನಾಗುತ್ತದೆಂಬುದನ್ನು ವಿಶಾಖದತ್ತನ ‘ಮುದ್ರಾರಾಕ್ಷಸ’ಕ್ಕಿಂತ ಚೆನ್ನಾಗಿ ತೋರಿಸುವ ಕೃತಿ ನಮ್ಮ ಪ್ರಾಚೀನ ಸಾಹಿತ್ಯದಲ್ಲಿ ವಿರಳ. ಕನ್ನಡಿಗರಿಗೆ ಈ ಕಥೆ ಅಪರಿಚಿತವಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1823ರಲ್ಲಿ, ಕೆಂಪುನಾರಾಯಣನು ಇದನ್ನೇ ಆಧರಿಸಿ ‘ಮುದ್ರಾಮಂಜೂಷ’ವನ್ನು ಗದ್ಯದಲ್ಲಿ ರಚಿಸಿದನು. ನಾಟಕದಲ್ಲಿ ನಂದರ ಅಮಾತ್ಯನಾದ ರಾಕ್ಷಸನು ತನ್ನ ಕುಟುಂಬವನ್ನು ಚಂದನದಾಸನೆಂಬ ವರ್ತಕನ ಮನೆಯಲ್ಲಿ ಬಿಟ್ಟುಹೋಗಿರುತ್ತಾನೆ. ಹೊಸಿಲು ದಾಟಿ ಹೊರಗೆ ಓಡಲೆತ್ನಿಸಿದ ಮಗುವನ್ನು ಒಳಗೆ ಎಳೆದುಕೊಳ್ಳುವಾಗ ಅವನ ಹೆಂಡತಿಯ ಬೆರಳಿನಿಂದ ಮುದ್ರೆಯುಂಗುರ ಜಾರಿ ಬೀಳುತ್ತದೆ. ಅದು ಚಾಣಕ್ಯನ ಚಾರನ ಕೈಸೇರುತ್ತದೆ. ಚಾಣಕ್ಯನು ರಾಕ್ಷಸನ ಗೆಳೆಯನಾದ ಶಕಟದಾಸನ ಕೈಯಿಂದಲೇ, ಅವನಿಗೆ ಉದ್ದೇಶ ತಿಳಿಯದಂತೆ, ಕಳುಹಿಸುವವನ ಹೆಸರೂ ಪಡೆಯುವವನ ಹೆಸರೂ ಇಲ್ಲದ ಒಂದು ಓಲೆಯನ್ನು ಬರೆಯಿಸಿ ಆ ಉಂಗುರದಿಂದ ಮುದ್ರೆ ಒತ್ತಿಸುತ್ತಾನೆ. ಮುಂದೆ ಆ ಓಲೆ ಮಲಯಕೇತುವಿನ ಶಿಬಿರದಲ್ಲಿ ಸಿಕ್ಕಿಬಿದ್ದಾಗ ಅಕ್ಷರವೂ ನಿಜ, ಮುದ್ರೆಯೂ ನಿಜ. ಸುಳ್ಳಾದದ್ದು ಓಲೆ ಮಾತ್ರ. ಮಲಯಕೇತು ಅದನ್ನು ನಂಬಿ ತನ್ನ ಪಕ್ಷದ ಐವರು ರಾಜರನ್ನು ಕೊಲ್ಲಿಸಿ ರಾಕ್ಷಸನನ್ನು ದೂರ ಮಾಡುತ್ತಾನೆ.

ಇಲ್ಲಿ ವಾಚಕರು ಗಮನಿಸಬೇಕಾದ ಅಂಶ ಇನ್ನೊಂದುಂಟು. ಎರಡನೆಯ ಅಂಕದಲ್ಲಿಯೇ ಆ ಉಂಗುರ ರಾಕ್ಷಸನಿಗೆ ಮರಳಿ ಬಂದಿರುತ್ತದೆ. ಚಂದನದಾಸನ ಮನೆಯ ಬಾಗಿಲಲ್ಲಿ ಸಿಕ್ಕಿತೆಂದು ಸಿದ್ಧಾರ್ಥಕನು ಹೇಳಿದ ಮಾತನ್ನು ಆತ ಒಪ್ಪಿಕೊಳ್ಳುತ್ತಾನೆ. ಉಂಗುರ ತನ್ನ ಕೈತಪ್ಪಿದ್ದ ಅವಧಿಯಲ್ಲಿ ಅದರಿಂದ ಏನೇನು ಒತ್ತಲ್ಪಟ್ಟಿರಬಹುದೆಂದು ಯೋಚಿಸುವುದಿಲ್ಲ. ಕೈತಪ್ಪಿದ ಖಾತೆ ಮರಳಿ ದೊರೆತೊಡನೆ ನೆಮ್ಮದಿಯ ಉಸಿರು ಬಿಡುವ ನಮ್ಮ ಕಾಲದವರನ್ನು ನೋಡುವಾಗ ನನಗೆ ಈ ಅಂಕ ನೆನಪಾಗುತ್ತದೆ.

ತಾಮ್ರಶಾಸನಗಳ ಬಳೆಗೆ ಬೆಸೆದ ಮುದ್ರೆಗಳ ಕಥೆಯೂ ಇದೇ ಜಾತಿಯದು. ಗಂಗರ ಆನೆ, ಬಾದಾಮಿಯ ಚಾಲುಕ್ಯರ ವರಾಹ, ರಾಷ್ಟ್ರಕೂಟರ ಗರುಡ ಇವೆಲ್ಲ ಶಾಸನದ ಸಾಚಾತನಕ್ಕೆ ಸಾಕ್ಷಿಯಾಗಿ ನಿಂತವು. ಹಾಗೆ ನಿಂತುದರಿಂದಲೇ ಕೂಟಶಾಸನ ಮಾಡುವವರಿಗೆ ಅವು ಬೇಕಾದವು. ಗಂಗರ ಹೆಸರಿನ ಹಲವು ತಾಮ್ರಪಟಗಳು ಕೃತಕವೆಂದು ಫ್ಲೀಟನು ವಾದಿಸಿದ್ದೂ, ರೈಸನು ಅದನ್ನು ಒಪ್ಪದಿದ್ದುದೂ ನಮ್ಮ ಇತಿಹಾಸಾಭ್ಯಾಸಿಗಳಿಗೆ ತಿಳಿದ ವಿಷಯ. ಫ್ಲೀಟನು ಲಿಪಿಯ ಕಾಲವನ್ನು ನೋಡಿದನು. ತಿಥಿವಾರಗಳು ಹೊಂದುತ್ತವೆಯೇ ಎಂದು ಗಣಿಸಿದನು. ಮುದ್ರೆಯೊಂದನ್ನೇ ನಂಬಿ ಕೂಡಲಿಲ್ಲ.

ಇನ್ನು ಓಲೆಕಾರನ ವಿಚಾರ. ಮೈಸೂರಿನಲ್ಲಿ ಕ್ರಮಬದ್ಧವಾದ ಅಂಚೆಯನ್ನು ಏರ್ಪಡಿಸಿದ ಕೀರ್ತಿ ಚಿಕ್ಕದೇವರಾಜ ಒಡೆಯರಿಗೆ (1673-1704) ಸಲ್ಲುತ್ತದೆ. ಪಠ್ಯಪುಸ್ತಕಗಳು ಇಷ್ಟು ಹೇಳಿ ಮುಂದೆ ಸಾಗುತ್ತವೆ. ಆದರೆ ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸನು, 1810ರಲ್ಲಿ ಮೊದಲ ಸಂಪುಟ ಹೊರಬಿದ್ದ ತನ್ನ ದಕ್ಷಿಣ ಭಾರತದ ಇತಿಹಾಸದಲ್ಲಿ, ಈ ಅಂಚೆ ಕಾಗದಗಳನ್ನು ಸಾಗಿಸುವ ಏರ್ಪಾಡು ಮಾತ್ರವಾಗಿರಲಿಲ್ಲವೆಂದು ಸ್ಪಷ್ಟವಾಗಿ ಬರೆದಿದ್ದಾನೆ. ಅಂಚೆಯ ಅಧಿಕಾರಿಗಳು ಅರಮನೆಯ ಅಂತರಂಗದ ಆಳುಗಳಾಗಿದ್ದು, ತಮ್ಮ ತಮ್ಮ ಸೀಮೆಯಲ್ಲಿ ನಡೆದುದನ್ನೆಲ್ಲ ದೊರೆಗೆ ವರದಿ ಮಾಡುವುದು ಅವರ ಕರ್ತವ್ಯವಾಗಿತ್ತು. ಹೈದರನ ಕಾಲದಲ್ಲಿ ಈ ಪದ್ಧತಿ ಇನ್ನೂ ಬಲಗೊಂಡಿತು. ಎಂದರೆ ಕನ್ನಡನಾಡಿನ ಈ ಅಂಚೆಯಲ್ಲಿ ಸಾಗಣೆಯೂ ಬೇಹುಗಾರಿಕೆಯೂ ಒಂದೇ ಇಲಾಖೆಯ ಎರಡು ಕೈಗಳಾಗಿದ್ದುವು. 1889ರಲ್ಲಿ ಮೈಸೂರು ಅಂಚೆ ಭಾರತದ ಅಂಚೆಯಲ್ಲಿ ವಿಲೀನವಾಯಿತು.

ಅಷ್ಟು ಹೊತ್ತಿಗೆ ಅಂಚೆಯ ಸ್ವರೂಪವೇ ಬೇರೆಯಾಗಿತ್ತು. 1854ರ ಸುಧಾರಣೆಯಿಂದ ದೂರದ ಲೆಕ್ಕವಿಲ್ಲದೆ ಅರ್ಧ ಆಣೆಯ ಚೀಟಿ ಹಚ್ಚಿದ ಕಾಗದ ದೇಶದ ಯಾವ ಮೂಲೆಗಾದರೂ ಹೋಗುವಂತಾಯಿತು. ಸಾಗಣೆ ಎಲ್ಲರದಾದಾಗ ನಿಯಮಗಳೂ ಬೇಕಾದವು. 1898ರ ಅಂಚೆ ಕಾನೂನನ್ನು ಓದಿದರೆ ಒಂದು ಸ್ವಾರಸ್ಯವಾದ ಕೊಡುಕೊಳ್ಳುವಿಕೆ ಕಾಣುತ್ತದೆ. ಕಾಗದ ಕಳೆದುಹೋದರೆ, ತಡವಾದರೆ, ತಪ್ಪು ಕೈಗೆ ಸೇರಿದರೆ, ತಾನಾಗಿ ಒಪ್ಪಿಕೊಂಡ ಸಂದರ್ಭಗಳ ಹೊರತು ಸರ್ಕಾರ ಹೊಣೆಯಲ್ಲವೆಂದು ಅದರ 6ನೆಯ ಕಲಮು ಹೇಳುತ್ತಿತ್ತು. ಹೊಣೆ ಬೇಕಾದವನು ಹೆಚ್ಚು ಹಣ ಕೊಟ್ಟು ವಿಮೆ ಮಾಡಿಸಬೇಕು. ಆದರೆ ಅದೇ ಕಾನೂನು, ಕರ್ತವ್ಯ ಮೀರಿ ಕಾಗದವನ್ನು ಒಡೆದ ಅಂಚೆಯ ನೌಕರನಿಗೆ ಸೆರೆವಾಸವನ್ನು ವಿಧಿಸಿತ್ತು. ಓಲೆಕಾರನು ನಷ್ಟವನ್ನು ತುಂಬಿಕೊಡಲಾರ, ಸರಿ. ಆದರೆ ಓದಲೂ ಕೂಡದು. ಓದುವ ಅಧಿಕಾರವನ್ನು ಸರ್ಕಾರವು 26ನೆಯ ಕಲಮಿನಲ್ಲಿಯೂ, ತಂತಿಯ ಮಟ್ಟಿಗೆ 1885ರ ಕಾನೂನಿನ 5ನೆಯ ಕಲಮಿನಲ್ಲಿಯೂ ತನಗಾಗಿ ಕಾದಿರಿಸಿಕೊಂಡಿತು. ಚಿಕ್ಕದೇವರಾಜರ ಅಂಚೆಯ ನೆರಳು ಪೂರ್ತಿಯಾಗಿ ಹೋಗಲಿಲ್ಲವೆಂದೇ ಹೇಳಬೇಕು. ಕಾಗದ ಒಡೆಯುವ ಅಧಿಕಾರವನ್ನು ವಿಸ್ತರಿಸುವ ತಿದ್ದುಪಡಿಯೊಂದು 1986ರಲ್ಲಿ ಸಂಸತ್ತಿನಲ್ಲಿ ಅಂಗೀಕೃತವಾದರೂ ರಾಷ್ಟ್ರಪತಿ ಜೈಲ್ ಸಿಂಗರು ಅಂಕಿತ ಹಾಕದೆ ಉಳಿಸಿದರು. ಟೆಲಿಫೋನು ಕದ್ದು ಕೇಳುವುದಕ್ಕೆ ಸುಪ್ರೀಂ ಕೋರ್ಟು 1996ರಲ್ಲಿ ಕಟ್ಟಳೆಗಳನ್ನು ಹಾಕಿತು. ಆ ಎರಡು ಹಳೆಯ ಕಾನೂನುಗಳ ಸ್ಥಾನದಲ್ಲಿ 2023ರಲ್ಲಿ ಹೊಸವು ಬಂದಿವೆ. ತಡೆದು ನೋಡುವ ಅಧಿಕಾರ ಅವುಗಳಲ್ಲಿಯೂ ಇದೆ.

ತಂತಿ ಬಂದಾಗ ಮುದ್ರೆಯ ಪ್ರಶ್ನೆ ಮತ್ತೆ ತಲೆಯೆತ್ತಿತು. 1855ರಲ್ಲಿ ತಂತಿಯ ಸೇವೆ ಸಾರ್ವಜನಿಕರಿಗೆ ತೆರೆಯಿತು. ತಂತಿಯಲ್ಲಿ ಕೈಬರಹವಿಲ್ಲ, ಅರಗಿಲ್ಲ, ಸಹಿಯಿಲ್ಲ. ತಂತಿಯ ಗುಮಾಸ್ತರು ಓದದೆ ಅದು ಸಾಗುವಂತೆಯೂ ಇಲ್ಲ. ವರ್ತಕರು ಸಂಕೇತಪದಗಳ ಕೋಶಗಳನ್ನು ಹಿಡಿದರು. ಅದರಿಂದ ಪದಗಳ ಖರ್ಚೂ ಉಳಿಯಿತು, ಗುಟ್ಟೂ ತಕ್ಕಮಟ್ಟಿಗೆ ಉಳಿಯಿತು. ಬ್ಯಾಂಕುಗಳಿಗೆ ಗುಟ್ಟಿಗಿಂತಲೂ ಸಾಚಾತನ ಮುಖ್ಯವಾಗಿತ್ತು. ‘ಇಂಥವರಿಗೆ ಇಷ್ಟು ಸಾವಿರ ರೂಪಾಯಿ ಕೊಡಿ’ ಎಂದು ಮುಂಬಯಿಯಿಂದ ಹುಬ್ಬಳ್ಳಿಯ ಶಾಖೆಗೆ ತಂತಿ ಹೋದರೆ, ಅದು ಮುಂಬಯಿಯ ಬ್ಯಾಂಕೇ ಕಳುಹಿಸಿದ್ದೆಂದು ಹುಬ್ಬಳ್ಳಿಯವರು ತಿಳಿಯುವುದು ಹೇಗೆ?

ಇದಕ್ಕಾಗಿ ಬ್ಯಾಂಕುಗಳು ‘ಟೆಸ್ಟ್’ ಎಂದು ಕರೆಯುತ್ತಿದ್ದ ಪರೀಕ್ಷಾ ಅಂಕಿಯನ್ನು ಬಳಸಿದವು. ನಾನು ಕೆಲಸಕ್ಕೆ ಸೇರಿದಾಗ ಈ ಪದ್ಧತಿ ಮುಗಿಯುತ್ತ ಬಂದಿತ್ತು. ಹಿರಿಯ ಅಧಿಕಾರಿಗಳು ಅದನ್ನು ವಿವರಿಸುವಾಗ ಅವರ ಧ್ವನಿಯಲ್ಲಿ ಪೂಜೆಯ ಮಡಿಯಂಥದೊಂದು ಇರುತ್ತಿತ್ತು. ತಾರೀಖಿಗೆ ಒಂದು ಅಂಕಿ, ತಿಂಗಳಿಗೆ ಒಂದು, ಮೊತ್ತಕ್ಕೆ ಒಂದು, ಶಾಖೆಗೆ ಒಂದು. ಗುಪ್ತ ಕೋಷ್ಟಕದಿಂದ ಇವನ್ನೆಲ್ಲ ತೆಗೆದು ಕೂಡಿಸಿದರೆ ಬರುವ ಸಂಖ್ಯೆಯನ್ನು ತಂತಿಯಲ್ಲಿ ಸೇರಿಸಬೇಕು. ಅತ್ತ ಕಡೆಯವರು ತಮ್ಮ ಕೋಷ್ಟಕದಿಂದ ಅದನ್ನೇ ಗಣಿಸಿ ನೋಡಬೇಕು. ಹೊಂದದಿದ್ದರೆ ಹಣ ಪಾವತಿಯಾಗುವಂತಿಲ್ಲ. ಕೋಷ್ಟಕ ಒಬ್ಬನ ವಶದಲ್ಲಿರುವುದಿಲ್ಲ. ಇಬ್ಬರು ಅಧಿಕಾರಿಗಳು ಕೂಡಿಯೇ ಅದನ್ನು ತೆಗೆಯಬೇಕು. ಈ ಏರ್ಪಾಡಿನಲ್ಲಿ ಗಿರಾಕಿಗೆ ಏನೂ ಗೊತ್ತಿರಬೇಕಾಗಿರಲಿಲ್ಲ ಎಂಬುದು ಮುಖ್ಯ. ಪರೀಕ್ಷೆ ಮಾಡುವವನು ಬ್ಯಾಂಕಿನವನು; ಪರೀಕ್ಷೆ ಮಾಡದೆ ಹಣ ಕೊಟ್ಟರೆ ಕೇಳಿಸಿಕೊಳ್ಳಬೇಕಾದವನೂ ಅವನೇ. ಭಾರತದ ತಂತಿ ಸೇವೆ 2013ರ ಜುಲೈಯಲ್ಲಿ ನಿಂತಿತು.

ಈಗ ನಮ್ಮ ಕಾಲಕ್ಕೆ ಬರೋಣ. ಫೇಸ್‌ಬುಕ್ ಹುಟ್ಟಿದ್ದು 2004ರಲ್ಲಿ, ಟ್ವಿಟರ್ 2006ರಲ್ಲಿ, ವಾಟ್ಸಾಪ್ 2009ರಲ್ಲಿ. 2014ರಲ್ಲಿ ವಾಟ್ಸಾಪನ್ನು ಫೇಸ್‌ಬುಕ್ ಕೊಂಡುಕೊಂಡಿತು. ಇಲ್ಲಿ ಅರ್ಧ ಆಣೆಯೂ ಇಲ್ಲ. ಕೂಲಿ ಕೇಳದ ಓಲೆಕಾರನು ಜೀವಿಸುವುದು ಹೇಗೆ? ಓದಿ. 2018ರಲ್ಲಿ ಬಯಲಾದ ಕೇಂಬ್ರಿಜ್ ಅನಲಿಟಿಕಾ ಪ್ರಕರಣವನ್ನೇ ನೋಡಬಹುದು. ಸ್ವಭಾವಪರೀಕ್ಷೆಯ ನೆಪದ ಒಂದು ಆ್ಯಪನ್ನು ಭಾರತದಲ್ಲಿ ಹಾಕಿಕೊಂಡವರು 335 ಮಂದಿ. ಆದರೆ ಅವರ ಸ್ನೇಹಿತರೆಂಬ ಒಂದೇ ಕಾರಣದಿಂದ 5.62 ಲಕ್ಷ ಭಾರತೀಯರ ವಿವರಗಳು ಹೊರಗೆ ಹೋಗಿರಬಹುದೆಂದು ಫೇಸ್‌ಬುಕ್ಕೇ ಒಪ್ಪಿಕೊಂಡಿತು. ಲೋಕದ ಲೆಕ್ಕದಲ್ಲಿ ಆ ಸಂಖ್ಯೆ 8.7 ಕೋಟಿಯವರೆಗೆ ಇತ್ತು. ಈ 5.62 ಲಕ್ಷ ಜನ ಎಷ್ಟೇ ಎಚ್ಚರವಾಗಿದ್ದರೂ ಫಲವಿರಲಿಲ್ಲ. ಎಚ್ಚರ ತಪ್ಪಿದವರು ಬೇರೆ, ಬಾಗಿಲು ತೆರೆದಿಟ್ಟವರು ಬೇರೆ. 2016ರ ಏಪ್ರಿಲ್ ತಿಂಗಳಿಂದ ವಾಟ್ಸಾಪಿನ ಸಂದೇಶಗಳು ಎರಡು ತುದಿಯವರ ಹೊರತು ಇತರರು ಓದಲಾಗದಂತೆ ಗೂಢಲಿಪಿಯಲ್ಲಿ ಸಾಗುತ್ತಿವೆ. ಇದು ದೊಡ್ಡ ಹೆಜ್ಜೆಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಯಾರು, ಯಾರಿಗೆ, ಯಾವಾಗ, ಎಷ್ಟು ಸಲ ಎಂಬ ಹೊರವಿವರವನ್ನು ಈ ಗೂಢಲಿಪಿ ಮುಚ್ಚುವುದಿಲ್ಲ. ವಿಲ್ಕ್ಸನು ವರ್ಣಿಸಿದ ಅಂಚೆಯವನಿಗೂ ಎಷ್ಟೋ ಸಲ ಅಷ್ಟು ಸಾಕಾಗುತ್ತಿದ್ದಿರಬೇಕು.

ಮುದ್ರೆಯ ಸ್ಥಿತಿ ಇನ್ನೂ ವಿಚಿತ್ರವಾದುದು. ವಾಟ್ಸಾಪಿನಲ್ಲಿ ಮನುಷ್ಯನ ಗುರುತು ಎಂದರೆ ಅವನ ಫೋನ್ ಸಂಖ್ಯೆ; ಆ ಸಂಖ್ಯೆ ಅವನದೆಂಬುದಕ್ಕೆ ರುಜುವಾತು ಆರು ಅಂಕಿಗಳ ಒಂದು ಸಂದೇಶ. ಆ ಆರು ಅಂಕಿಗಳು ಯಾರ ಬಾಯಿಂದ ಜಾರಿದರೂ ಉಂಗುರ ಜಾರಿದಂತೆಯೇ. ನನಗೆ ಪರಿಚಿತರಾದ ನಿವೃತ್ತ ಕನ್ನಡ ಅಧ್ಯಾಪಕರೊಬ್ಬರಿದ್ದಾರೆ. ಈ ಊರಿಗೆ ಬಂದು ಐವತ್ತು ವರ್ಷಗಳಾದವರು. ಶಿಷ್ಯನೊಬ್ಬನ ಹೆಸರಿನಿಂದ ‘ಸರ್, ತಪ್ಪಿ ನಿಮ್ಮ ನಂಬರಿಗೆ ಒಂದು ಕೋಡ್ ಬಂದಿದೆ, ದಯವಿಟ್ಟು ಕಳುಹಿಸಿ’ ಎಂದು ಅವರಿಗೆ ಸಂದೇಶ ಬಂದಿತು. ಶಿಷ್ಯನ ಖಾತೆ ಅದಕ್ಕೆ ಮೊದಲೇ ಕಳುವಾಗಿತ್ತು. ಅಂದರೆ ಅಕ್ಷರವೂ ನಿಜ, ಮುದ್ರೆಯೂ ನಿಜ. ಅವರು ಕಳುಹಿಸಿದರು. ಸ್ವಲ್ಪ ಹೊತ್ತಿನಲ್ಲಿ ಅವರ ಹೆಸರಿನಿಂದ ಹತ್ತಾರು ಜನರಿಗೆ ಹಣದ ಬೇಡಿಕೆ ಹೋಯಿತು. ಮೇಷ್ಟರು ಬಾಯಿಬಿಟ್ಟು ಕೇಳಿದ್ದಾರೆಂದ ಮೇಲೆ ಇಲ್ಲವೆನ್ನುವುದು ಹೇಗೆಂದು ಕೊಟ್ಟವರೂ ಉಂಟು. ಕಳ್ಳನು ಆ ಖಾತೆಗೆ ತನ್ನದೇ ಆದ ಎರಡನೆಯ ಬೀಗವನ್ನೂ ಹಾಕಿದ್ದನು. 2017ರಲ್ಲಿ ಬಳಕೆದಾರರ ರಕ್ಷಣೆಗೆಂದು ಬಂದ ಆ ಬೀಗ ಕಳ್ಳನ ಕೈಯಲ್ಲಿದ್ದರೆ, ಖಾತೆಯ ಒಡೆಯನು ಪೂರ್ತಿಯಾಗಿ ಒಳಗೆ ಹೋಗಲು ಏಳು ದಿನ ಕಾಯಬೇಕಾಗುತ್ತದೆ. ಆ ಏಳು ದಿನ ಅವರು ಒಬ್ಬೊಬ್ಬರಿಗೆ ಫೋನು ಮಾಡಿ ‘ಅದು ನಾನಲ್ಲ’ ಎಂದು ಹೇಳುತ್ತಿದ್ದರು. ಕೊಟ್ಟವರಿಗೆ ತಮ್ಮ ಪಿಂಚಣಿಯಿಂದ ಹಣ ಹಿಂತಿರುಗಿಸುವೆನೆಂದು ಹಟ ಹಿಡಿದರು. ದೂರು ಕೊಡಲು ಒಂದು ಕಚೇರಿಯಿಲ್ಲ, ಎದುರಿಗೆ ಕುಳಿತು ಕೇಳುವ ಒಬ್ಬ ಮನುಷ್ಯನಿಲ್ಲ ಎಂಬುದೇ ಹಣಕ್ಕಿಂತ ಹೆಚ್ಚಾಗಿ ಅವರನ್ನು ಕುಗ್ಗಿಸಿತು. ನಮ್ಮ ಬ್ಯಾಂಕುಗಳ ಕೌಂಟರನ್ನು ಜನ ಎಷ್ಟೇ ಬೈದರೂ, ಬೈಯಲು ಅಲ್ಲೊಂದು ಕೌಂಟರಂತೂ ಇರುತ್ತದೆ.

ಅಧ್ಯಾಪಕರು ಮುಗ್ಧರಾದುದರಿಂದ ಹೀಗಾಯಿತೆನ್ನುವವರು 2020ರ ಜುಲೈ 15ರ ಘಟನೆಯನ್ನು ನೆನೆಯಬೇಕು. ಅಂದು ಟ್ವಿಟರಿನಲ್ಲಿ ಬರಾಕ್ ಒಬಾಮ, ಬಿಲ್ ಗೇಟ್ಸ್ ಮೊದಲಾದವರ ಖಾತೆಗಳಿಂದ ‘ಬಿಟ್‌ಕಾಯಿನ್ ಕಳುಹಿಸಿ, ಇಮ್ಮಡಿ ಕೊಡುವೆ’ ಎಂಬ ಸಂದೇಶಗಳು ಹೊರಟವು. ಸುಮಾರು 130 ಖಾತೆಗಳಿಗೆ ಕೈಹಾಕಲಾಗಿತ್ತು. ಆ ಮಹನೀಯರು ಯಾರೂ ತಮ್ಮ ಪಾಸ್‌ವರ್ಡನ್ನು ಹೇಳಿಕೊಟ್ಟಿರಲಿಲ್ಲ. ವಂಚಕರು ಕಂಪನಿಯ ನೌಕರರನ್ನೇ ಫೋನಿನಲ್ಲಿ ಏಮಾರಿಸಿ ಒಳಗಿನ ಉಪಕರಣಗಳನ್ನು ಹಿಡಿದಿದ್ದರು. ಮುಖ್ಯ ಆರೋಪಿ ಹದಿನೇಳು ವರ್ಷದ ಹುಡುಗ. ಮುದ್ರೆ ಕಳುವಾದದ್ದು ಓಲೆಕಾರನ ಮನೆಯಿಂದಲೇ. ಇಬ್ಬರು ಅಧಿಕಾರಿಗಳು ಕೂಡದೆ ಕೋಷ್ಟಕ ತೆಗೆಯದಿದ್ದ ಹಳೆಯ ಬ್ಯಾಂಕಿನ ಗುಮಾಸ್ತನಿಗೆ ಇದನ್ನು ಹೇಳಿದ್ದರೆ ನಂಬುತ್ತಿರಲಿಲ್ಲ.

ಮುದ್ರೆಯೇ ಇಲ್ಲದ ಓಲೆಯ ಮಾತು ಬೇರೆ. ಒಬ್ಬರಿಂದ ಒಬ್ಬರಿಗೆ ‘ಫಾರ್ವರ್ಡ್’ ಆಗುವ ಸಂದೇಶಕ್ಕೆ ಮೂಲ ಬರೆದವನಿಲ್ಲ. ಕಳುಹಿಸಿದವನ ಪರಿಚಯವೇ ಅದಕ್ಕೆ ಸಾಕ್ಷಿಯಾಗುತ್ತದೆ. 2012ರ ಆಗಸ್ಟಿನಲ್ಲಿ ಬೆಂಗಳೂರಿನ ಈಶಾನ್ಯ ರಾಜ್ಯಗಳವರು ಇಂಥ ಗಾಳಿಮಾತಿಗೆ ಹೆದರಿ ಸಾವಿರಾರು ಸಂಖ್ಯೆಯಲ್ಲಿ ರೈಲು ಹತ್ತಿ ಹೋದರು. ಗುವಾಹಾಟಿಗೆ ವಿಶೇಷ ರೈಲುಗಳನ್ನು ಬಿಡಬೇಕಾಯಿತು. ಪರಸ್ಥಳದಲ್ಲಿ ಬದುಕು ಕಟ್ಟಿಕೊಂಡ ನಮಗೆ ಆ ರೈಲುಗಳ ಭಯ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಸರ್ಕಾರ ಆಗ ಒಟ್ಟಾಗಿ ಕಳುಹಿಸುವ ಎಸ್ಸೆಮ್ಮೆಸ್ಸುಗಳನ್ನು ಐದಕ್ಕೆ ಮಿತಿಗೊಳಿಸಿತು. 2018ರ ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕೊಲೇಟು ಕೊಟ್ಟ ಪ್ರವಾಸಿಗಳನ್ನು ಮಕ್ಕಳ ಕಳ್ಳರೆಂದು ವಾಟ್ಸಾಪ್ ಸಂದೇಶ ಸಾರಿ, ಹೈದರಾಬಾದಿನ ಒಬ್ಬ ತರುಣ ಎಂಜಿನಿಯರನ ಪ್ರಾಣ ಹೋಯಿತು. ಆ ತಿಂಗಳಲ್ಲಿಯೇ ಕಂಪನಿಯು ಭಾರತದಲ್ಲಿ ಒಂದು ಸಂದೇಶವನ್ನು ಒಂದೇ ಬಾರಿಗೆ ಐದು ಕಡೆಗೆ ಮಾತ್ರ ಕಳುಹಿಸುವಂತೆ ಮಾಡಿತು. ಸರ್ಕಾರ ಐದೆಂದು ಕಂಡುಕೊಂಡ ಆರು ವರ್ಷಗಳ ಮೇಲೆ ಓಲೆಕಾರನಿಗೂ ಐದೇ ಹೊಳೆಯಿತು.

ರಾಜ್ಯಶಕ್ತಿಯ ಕಡೆಯಿಂದ ಬರುವ ಅಪಾಯವನ್ನೂ ಮರೆಯಲಾಗದು. 2012ರ ನವೆಂಬರಿನಲ್ಲಿ ಮುಂಬಯಿಯ ನೆರೆಯ ಪಾಲ್ಘರಿನಲ್ಲಿ, ನಗರ ಬಂದಾದುದನ್ನು ಪ್ರಶ್ನಿಸಿ ಫೇಸ್‌ಬುಕ್ಕಿನಲ್ಲಿ ಬರೆದ ಒಬ್ಬ ತರುಣಿಯನ್ನೂ, ಅದನ್ನು ಮೆಚ್ಚಿದ ಅವಳ ಗೆಳತಿಯನ್ನೂ ಪೋಲೀಸರು ಬಂಧಿಸಿದರು. ಆ ಬಂಧನ ಮೊದಲಾದವುಗಳಿಂದ ಎದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2015ರ ಮಾರ್ಚ್ 24ರಂದು ಮಾಹಿತಿ ತಂತ್ರಜ್ಞಾನ ಕಾನೂನಿನ 66ಎ ಕಲಮನ್ನು ರದ್ದುಪಡಿಸಿತು. ಖಾಸಗಿತನವು ಮೂಲಭೂತ ಹಕ್ಕೆಂದು ಒಂಬತ್ತು ನ್ಯಾಯಾಧೀಶರ ಪೀಠ ಸಾರಿದ್ದು 2017ರ ಆಗಸ್ಟ್ 24ರಂದು. ಆ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು.

ಇಷ್ಟೆಲ್ಲದರ ನಡುವೆ ಹೊಣೆಯ ಪ್ರಶ್ನೆ ಎಲ್ಲಿ ನಿಂತಿದೆ? ಮಾಹಿತಿ ತಂತ್ರಜ್ಞಾನ ಕಾನೂನಿನ 79ನೆಯ ಕಲಮು ಈ ಕಂಪನಿಗಳನ್ನು ‘ಮಧ್ಯವರ್ತಿ’ಗಳೆಂದು ಕರೆದು, ತಾವಾಗಿ ಸಂದೇಶವನ್ನು ಹೊರಡಿಸದೆ, ಪಡೆಯುವವನನ್ನು ಆರಿಸದೆ, ಒಳಗಿನ ವಿಷಯವನ್ನು ಆರಿಸದೆ, ಬದಲಿಸದೆ ಸಾಗಿಸುವವರೆಗೆ ಅವಕ್ಕೆ ರಕ್ಷೆ ಕೊಡುತ್ತದೆ. 1898ರ 6ನೆಯ ಕಲಮಿನ ಮೊಮ್ಮಗನಂತೆ ಇದು ಕಾಣುತ್ತದೆ. ಆದರೆ ಯಾರ ಬರಹ ಯಾರ ಕಣ್ಣಿಗೆ ಮೊದಲು ಬೀಳಬೇಕೆಂದು ಗಳಿಗೆಗಳಿಗೆಗೂ ಆರಿಸುವುದೇ ಫೇಸ್‌ಬುಕ್ಕಿನಂಥವುಗಳ ಕಸುಬು. ಅಂಚೆಯವನು ಪಡೆದ ವಿನಾಯಿತಿಯನ್ನು ಪಡೆದು, ಅಂಚೆಯವನಿಗಿದ್ದ ನಿಷೇಧವನ್ನು ಮಾತ್ರ ಬಿಟ್ಟುಕೊಟ್ಟಂತಾಯಿತಲ್ಲವೆ? ನನ್ನ ಮಟ್ಟಿಗೆ, ನಾವು ಅನುಭವಿಸುತ್ತಿರುವ ಅಭದ್ರತೆಯ ಬೇರು ಇಲ್ಲಿದೆಯೇ ಹೊರತು ಅಧ್ಯಾಪಕರ ಮುಗ್ಧತೆಯಲ್ಲಲ್ಲ.

ಬ್ಯಾಂಕುಗಳ ವಿಷಯದಲ್ಲಿ ರಿಜರ್ವ್ ಬ್ಯಾಂಕು 2017ರ ಜುಲೈ 6ರ ಸುತ್ತೋಲೆಯಿಂದ ಹೊಣೆಯನ್ನು ಹಂಚಿತು. ತಪ್ಪು ಬ್ಯಾಂಕಿನದೂ ಅಲ್ಲದೆ ಗಿರಾಕಿಯದೂ ಅಲ್ಲದೆ ನಡುವೆ ಎಲ್ಲಿಯೋ ಆಗಿದ್ದು, ಗಿರಾಕಿ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಅವನ ನಷ್ಟ ಸೊನ್ನೆ. ಗುಟ್ಟಿನ ಅಂಕಿಯನ್ನು ತಾನೇ ಕೊಟ್ಟಿದ್ದರೆ ದೂರು ಕೊಡುವವರೆಗಿನ ನಷ್ಟ ಅವನದು, ಆಮೇಲಿನದು ಬ್ಯಾಂಕಿನದು. ಈ ಹಂಚಿಕೆ ಪೂರ್ತಿ ನ್ಯಾಯವಾದುದೆಂದು ನಾನು ವಾದಿಸಲಾರೆ. ಗಿರಾಕಿಯ ಪ್ರಮಾದವೆಂಬ ಮಾತನ್ನು ಬ್ಯಾಂಕಿನವರಾದ ನಾವು ಸ್ವಲ್ಪ ಬೇಗನೆಯೇ ಉಚ್ಚರಿಸುವುದುಂಟು. ಆದರೂ ಹಂಚಿಕೆಯೆಂಬುದೊಂದು ಇದೆ. ಜಾಲತಾಣಗಳ ಮಟ್ಟಿಗೆ 2021ರ ನಿಯಮಗಳು ದೂರುಗಳನ್ನು ನೋಡುವ ಅಧಿಕಾರಿಯೊಬ್ಬನನ್ನು ನೇಮಿಸಬೇಕೆಂದೂ, ದೂರು ಬಂದುದನ್ನು 24 ಗಂಟೆಗಳಲ್ಲಿ ಒಪ್ಪಿಕೊಂಡು 15 ದಿನಗಳಲ್ಲಿ ತೀರಿಸಬೇಕೆಂದೂ ವಿಧಿಸಿದವು. ಅದರ ಮೇಲೆ ಮನವಿ ಕೇಳಲು 2023ರ ಜನವರಿಯಲ್ಲಿ ಮೂರು ಸಮಿತಿಗಳು ಏರ್ಪಟ್ಟವು. ಅಧ್ಯಾಪಕರು ಆ ಏಳು ದಿನಗಳಲ್ಲಿ ಈ ಸಮಿತಿಗಳ ಹೆಸರನ್ನೂ ಕೇಳಿರಲಿಲ್ಲ. ಅವರಿಗೆ ಸಲಹೆ ಕೊಟ್ಟವರಲ್ಲಿ ಯಾರೂ ಹೇಳಿರಲಿಲ್ಲ.

2023ರಲ್ಲಿ ಸಂಸತ್ತು ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾನೂನನ್ನು ಅಂಗೀಕರಿಸಿತು. ದತ್ತಾಂಶವನ್ನು ಕಾಪಾಡದ ಸಂಸ್ಥೆಗೆ ಅದು 250 ಕೋಟಿ ರೂಪಾಯಿಗಳವರೆಗೆ ದಂಡ ಹಾಕಬಲ್ಲದು. ಮೊತ್ತ ದೊಡ್ಡದು. ಆದರೆ ದಂಡದ ಹಣ ಸೇರುವುದು ಭಾರತದ ಸಂಚಿತ ನಿಧಿಗೆ. ಸಂಸ್ಥೆಗಳ ಅಲಕ್ಷ್ಯದಿಂದ ನಷ್ಟ ಹೊಂದಿದವನಿಗೆ ಪರಿಹಾರ ಕೊಡಿಸುತ್ತಿದ್ದ ಮಾಹಿತಿ ತಂತ್ರಜ್ಞಾನ ಕಾನೂನಿನ 43ಎ ಕಲಮನ್ನು ಈ ಹೊಸ ಕಾನೂನಿನ 44ನೆಯ ಕಲಮು ಕೈಬಿಡಲು ಹೇಳಿದೆ.